ಮಗುವಿನ ಅಂಕ ಯಾರ ಲೆಕ್ಕಕ್ಕೆ? – ಪ್ರಾಥಮಿಕ ಹಂತದ ಮೌಲ್ಯಮಾಪನ ಮತ್ತು ಶಾಲೆಯ ಉತ್ತರದಾಯಿತ್ವ

ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ಓದುವಾಗ ಮೌಲ್ಯಮಾಪನ, ಉತ್ತರದಾಯಿತ್ವ ಎರಡನ್ನೂ ಒಂದೇ ಉಸಿರಲ್ಲಿ ಉರು ಹೊಡೆಯುತ್ತೇವೆ. ನನಗೆ ಇವೆರಡೂ ಬೇರೆ ಬೇರೆ ಅಂತ ಹೊಳೆದದ್ದು ಒಂದು ಕಳೆಯುವ ಲೆಕ್ಕದಿಂದ.

52 − 27. ಮಗು 35 ಎಂದು ಬರೆದಿದೆ. ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ ಮುಂದೆ ಹೋಗಬಹುದು. ಸ್ವಲ್ಪ ನಿಂತು ನೋಡಿದರೆ, ಬಿಡಿ ಸ್ಥಾನದಲ್ಲಿ 2ರಲ್ಲಿ 7 ಹೋಗುವುದಿಲ್ಲವೆಂದು ಮಗು 7ರಲ್ಲೇ 2 ಕಳೆದಿದೆ. ಅಂದರೆ ಕಳೆಯಲು ಬರುತ್ತದೆ, ಹತ್ತನ್ನು ಬಿಡಿಯಾಗಿ ಬಿಡಿಸಲು ಬರುವುದಿಲ್ಲ. ನಾಳೆ ಹತ್ತು ಕಡ್ಡಿಯ ಕಟ್ಟು ಬಿಚ್ಚಿ ತೋರಿಸಬೇಕು. ರೂಪಣಾತ್ಮಕ ಮೌಲ್ಯಮಾಪನ ಅಂದರೆ ಇಷ್ಟೇ: ತಪ್ಪು ನೋಡಿ ನಾಳೆಯ ಪಾಠ ಬದಲಾಗಬೇಕು. ಅವಧಿಯ ಕೊನೆಗೆ ಎಷ್ಟು ಕಲಿತಿತು ಎಂದು ಅಳೆದರೆ ಅದು ಸಂಕಲನಾತ್ಮಕ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಎಫ್‌ಎ (ರೂಪಣಾತ್ಮಕ) ನಾಲ್ಕು, ಎಸ್‌ಎ (ಸಂಕಲನಾತ್ಮಕ) ಎರಡು. (ಎಫ್‌ಎ ಕೂಡ ಕೊನೆಗೆ ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ತುಂಬುವ ಅಂಕವಾಗಿ ಉಳಿಯುವುದನ್ನು, ಶಿಕ್ಷಕ ತರಬೇತಿಯ ಶಾಲಾ ಅನುಭವಕ್ಕೆ ಹೋದವರೆಲ್ಲ ಕಂಡಿರುತ್ತೀರಿ.) ಚಿಕ್ಕ ತರಗತಿಗಳ ಚಟುವಟಿಕೆ ಆಧಾರಿತ ನಲಿ-ಕಲಿಯಲ್ಲಿ ಈ ಗೊಂದಲ ಕಡಿಮೆ. ಅಲ್ಲಿ ಮಗು ಮೆಟ್ಟಿಲು ಹತ್ತಿದ ಹಾಗೇ ಮೌಲ್ಯಮಾಪನವೂ ನಡೆದುಹೋಗುತ್ತದೆ.

ಈಗ ಕಾನೂನು. ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1. ಟಿಇಟಿಗೆ ಅದರ ಮೂರು ಸೆಕ್ಷನ್ ಸಾಕು. 16: ಅನುತ್ತೀರ್ಣ ಮಾಡಿ ಅದೇ ತರಗತಿಯಲ್ಲಿ ಕೂರಿಸುವಂತಿಲ್ಲ. 29: ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ. 30: ಎಂಟನೆಯ ತರಗತಿ ಮುಗಿಯುವವರೆಗೆ ಬೋರ್ಡ್ ಪರೀಕ್ಷೆ ಪಾಸಾಗಲೇಬೇಕೆಂಬ ಕಡ್ಡಾಯವಿಲ್ಲ. 2019ರ ತಿದ್ದುಪಡಿ 16ನ್ನು ಸಡಿಲಿಸಿತು. 5 ಮತ್ತು 8ರ ಕೊನೆಗೆ ಪರೀಕ್ಷೆ, ಸೋತರೆ ಹೆಚ್ಚುವರಿ ಬೋಧನೆ, ಎರಡು ತಿಂಗಳೊಳಗೆ ಮರುಪರೀಕ್ಷೆ; ಆಮೇಲೂ ಸೋತವರನ್ನು ತಡೆಹಿಡಿಯುವುದು ಬಿಡುವುದು ಸರ್ಕಾರದ ಇಷ್ಟ. 30 ಮಾತ್ರ ಹಾಗೇ ಉಳಿಯಿತು. ಬಹುಆಯ್ಕೆ ಪ್ರಶ್ನೆಯಲ್ಲಿ ಎಡವುವುದು ಇಲ್ಲೇ.

ಕರ್ನಾಟಕದ ಜಟಾಪಟಿಯೂ ಇದೇ ಸಂದಿಯಲ್ಲಿ ಹುಟ್ಟಿತು. 5, 8ನೇ ತರಗತಿಗೆ ರಾಜ್ಯಮಟ್ಟದ ಪ್ರಶ್ನೆಪತ್ರಿಕೆ ಇಟ್ಟಾಗ ಇಲಾಖೆ ಹೇಳಿದ್ದು, ಯಾರನ್ನೂ ಫೇಲ್ ಮಾಡುವುದಿಲ್ಲ, ಕಲಿಕೆಯ ಮಟ್ಟ ತಿಳಿಯಬೇಕಷ್ಟೆ ಎಂದು. ಹಾಗಾದರೆ ಇದು ಬೋರ್ಡ್ ಪರೀಕ್ಷೆಯೋ ಅಲ್ಲವೋ? 2024ರ ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಈ ಪರೀಕ್ಷೆಯನ್ನು ರದ್ದು ಮಾಡಿತು. ಮರುದಿನವೇ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರು, 12ಕ್ಕೆ ಸುಪ್ರೀಂ ಕೋರ್ಟಿನಿಂದ ನಿಂತಿತು. 22ರಂದು ವಿಭಾಗೀಯ ಪೀಠ ಪರೀಕ್ಷೆಯನ್ನು ಎತ್ತಿಹಿಡಿಯಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಹಾಕಿತು. ಹತ್ತು ವರ್ಷದ ಮಗುವಿನ ಮುಂದೆ ದೊಡ್ಡವರು ಹೀಗೆ ಹಗ್ಗ ಜಗ್ಗಿದ್ದು ನನಗಂತೂ ಸರಿ ಕಾಣಲಿಲ್ಲ.

ಶಾಲೆಯ ಮಟ್ಟ ತಿಳಿಯಲು ಪ್ರತಿ ಮಗುವನ್ನೂ ಪರೀಕ್ಷೆಗೆ ಕೂರಿಸಬೇಕಿಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ನಾಲ್ಕು ಅಗುಳು ಸಾಕಲ್ಲ. 2021ರ ನವೆಂಬರ್ 12ರ ರಾಷ್ಟ್ರೀಯ ಸಾಧನಾ ಸಮೀಕ್ಷೆ (ನಾಸ್) ಆಯ್ದ ಶಾಲೆಗಳಲ್ಲಿ 3, 5, 8, 10ನೇ ತರಗತಿಗಳಿಗೆ ನಡೆಯಿತು. ವರದಿ ಬಂದದ್ದು ಜಿಲ್ಲೆಯ ಲೆಕ್ಕದಲ್ಲಿ, ಮಗುವಿನ ಹೆಸರಿನಲ್ಲಲ್ಲ. ಹೆಸರಿಲ್ಲದಿದ್ದರೆ ಹೆದರಿಕೆಯೂ ಕಡಿಮೆ, ಉತ್ತರ ಹೇಳಿಕೊಡುವ ಆಸೆಯೂ ಕಡಿಮೆ. ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲಿ ಎಚ್ಚರಿಸಿದ್ದು ಇದನ್ನೇ: ಒಂದು ಅಂಕಿಯ ಮೇಲೆ ತೀರ್ಪಿನ ಭಾರ ಹೆಚ್ಚಿದಷ್ಟೂ ಆ ಅಂಕಿ ಕೆಡುತ್ತದೆ. ಬಡ್ತಿ, ನೋಟಿಸು, ಪತ್ರಿಕೆಯಲ್ಲಿ ತಾಲ್ಲೂಕಿನ ಸ್ಥಾನ ಎಲ್ಲವೂ ಮಗುವಿನ ಅಂಕಕ್ಕೆ ಗಂಟುಬಿದ್ದರೆ, 35 ಬರೆದ ಮಗುವಿಗೆ ಕಡ್ಡಿಕಟ್ಟು ಬಿಚ್ಚುವ ಬದಲು 25 ಎಂದು ಬಾಯಿಪಾಠ ಮಾಡಿಸುವುದೇ ಸುಲಭ.

ಸರಾಸರಿಯಿಂದ ಶಾಲೆಗಳನ್ನು ಹೋಲಿಸುವುದೂ ಜಾರುದಾರಿ. ಒಂದು ಶಾಲೆಯ ಮಕ್ಕಳು 65ರಿಂದ 70ಕ್ಕೆ ಬಂದರು, ಇನ್ನೊಂದರ ಮಕ್ಕಳು 20ರಿಂದ 50ಕ್ಕೆ ಎಂದಿಟ್ಟುಕೊಳ್ಳಿ. ಹೆಚ್ಚು ಮುಂದೆ ಬಂದದ್ದು ಎರಡನೆಯದು, ಪಟ್ಟಿಯಲ್ಲಿ ಮಾತ್ರ ಮೊದಲಿನದೇ ಮೇಲೆ.

ಉತ್ತರದಾಯಿತ್ವ ಎಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ವರದಿ ಕಳಿಸುವುದಷ್ಟೇ ಅಲ್ಲ. ಸೆಕ್ಷನ್ 21ರ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ನಮ್ಮಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) 2001ರಿಂದಲೇ ಇದೆ. ಮಕ್ಕಳ ಕಲಿಕೆಯನ್ನು ಪೋಷಕರ ಮುಂದಿಡುವ ‘ಸಮುದಾಯದತ್ತ ಶಾಲೆ’ಯ ದಿನ ಪ್ರಗತಿಪತ್ರದಲ್ಲಿ ‘ಬಿ+’ ನೋಡಿದ ತಾಯಿ, “ಹಂಗಂದ್ರೆ ಇವಳಿಗೆ ಓದಾಕ ಬರ್ತೈತೇನ್ರಿ ಸರ್?” ಎಂದು ಕೇಳಿದರೆ ಗ್ರೇಡು ಉಪಯೋಗಕ್ಕೆ ಬರುವುದಿಲ್ಲ. ಮಗುವಿನ ಕೆಲಸಗಳನ್ನು ಕೂಡಿಟ್ಟ ಕೃತಿಸಂಪುಟ ತೆಗೆದು ಜೂನ್ ತಿಂಗಳ ಹಾಳೆಯನ್ನೂ ಡಿಸೆಂಬರಿನ ಹಾಳೆಯನ್ನೂ ಆಕೆಯ ಮುಂದೆ ಪಕ್ಕಪಕ್ಕ ಇಡಬೇಕಾಗುತ್ತದೆ.