ಕಾರಿನ ಬಾಗಿಲ ಗ್ಲಾಸು: ಒಂದು ಕಡೆ 1,900, ಇನ್ನೊಂದು ಕಡೆ 5,200. ಯಾಕಿಷ್ಟು ಫರಕು?

ಓದುಗರ ಪ್ರಶ್ನೆ: ನಮ್ಮದು ವಿಜಯಪುರ ರೀ. ಮನೀ ಮುಂದ ನಿಲ್ಲಿಸಿದ್ದ ಕಾರಿಗೆ ಹುಲ್ಲು ಕತ್ತರಿಸೋ ಮಷೀನಿನ ಕಲ್ಲು ಸಿಡಿದು ಎಡಗಡೆ ಹಿಂದಿನ ಬಾಗಿಲದ ಗ್ಲಾಸು ಪುಡಿ ಆಗೇತಿ. ಒಂದು ಗ್ಯಾರೇಜಿನವರು ಒಟ್ಟು 1,900 ಅಂದ್ರು, ಶೋರೂಮಿನ್ಯಾಗ 5,200 ಎಸ್ಟಿಮೇಟ್ ಕೊಟ್ರು. ಒಂದ ಗ್ಲಾಸಿಗೆ ಇಷ್ಟು ಫರಕು ಯಾಕ? ಇನ್ಶೂರೆನ್ಸ್ ಹಾಕೋದು ಛಲೋನೋ, ಕೈಲೆ ಕೊಡೋದು ಛಲೋನೋ?

ಉತ್ತರ: ಎರಡೂ ಲೆಕ್ಕ ಖರೆ ಇರಬಹುದು. ಇಬ್ಬರೂ ಹೇಳಿದ್ದು ಒಂದೇ ಕೆಲಸದ ದರ ಅಲ್ಲ, ಅಷ್ಟೇ. ಯಾವ ಗ್ಲಾಸು ಹಾಕುತ್ತಾರೆ, ಬಾಗಿಲೊಳಗೆ ಇನ್ನೇನು ಬದಲಿಸುತ್ತಾರೆ, ಒಳಗೆ ಬಿದ್ದ ಚೂರು ಯಾರು ತೆಗೆಯುತ್ತಾರೆ, ತೆರಿಗೆ ಸೇರಿದೆಯೋ ಇಲ್ಲವೋ, ಇವು ಗೊತ್ತಾಗುವ ತನಕ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಫಲವಿಲ್ಲ. ಗ್ಲಾಸಿಗೂ ಮಜೂರಿಗೂ ಈಗ ಜಿಎಸ್‌ಟಿ ಶೇ 18. ಒಬ್ಬರು ಅದನ್ನು ಸೇರಿಸಿ ಹೇಳಿ, ಇನ್ನೊಬ್ಬರು ಬಿಟ್ಟು ಹೇಳಿದರೆ ಅಲ್ಲೇ ಸಾಕಷ್ಟು ಅಂತರ ಬಂತು.

ಮೊದಲು ಗ್ಲಾಸಿನ ಮಾತು. ಮುಂದಿನ ದೊಡ್ಡ ಗ್ಲಾಸು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿದ್ದು, ಇದಕ್ಕೆ ಲ್ಯಾಮಿನೇಟೆಡ್ ಗ್ಲಾಸು ಅನ್ನುತ್ತಾರೆ. ಕಲ್ಲು ಬಡಿದರೆ ಬಿರುಕು ಬಿಟ್ಟು ಅಲ್ಲೇ ನಿಲ್ಲುತ್ತದೆ, ಸಣ್ಣ ಪೆಟ್ಟಾದರೆ ಅಂಟು ತುಂಬಿ ಸರಿಮಾಡಲೂ ಬರುತ್ತದೆ. ಬಾಗಿಲದ್ದು ಹಾಗಲ್ಲ, ಅದು ಟಫನ್ಡ್ ಗ್ಲಾಸು. ಆಕಾರಕ್ಕೆ ಕತ್ತರಿಸಿ, ತೂತು ಕೊರೆದು, 600 ಡಿಗ್ರಿ ಸೆಲ್ಸಿಯಸ್ ಮೇಲೆ ಕಾಯಿಸಿ, ಜೋರು ಗಾಳಿ ಬಿಟ್ಟು ಒಮ್ಮೆಲೇ ತಣಿಸುತ್ತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನ ಭಾಗ ತಡವಾಗಿ ತಣಿದು ಕುಗ್ಗುವಾಗ ಮೇಲ್ಮೈಯನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಆ ಬಿಗಿತವೇ ಅದರ ಶಕ್ತಿ. ಒಂದು ಕಡೆ ಬಿಗಿತ ತಪ್ಪಿದರೆ ಇಡೀ ಗ್ಲಾಸು ಜೋಳದ ಕಾಳಿನಷ್ಟು ಚೂರಾಗಿ ಉದುರುತ್ತದೆ. ಹೀಗಾಗಿ ರಿಪೇರಿ ಎಂಬ ಮಾತಿಲ್ಲ. ತಯಾರಾದ ಮೇಲೆ ಕತ್ತರಿಸಿ ಸಣ್ಣದು ಮಾಡಲಿಕ್ಕೂ ಬರುವುದಿಲ್ಲ. ಆ ಮಾಡೆಲ್ಲಿಗೆ, ಆ ಬಾಗಿಲಿಗೆ, ಎಡ ಬಲ ನೋಡಿ ಮಾಡಿದ ಗ್ಲಾಸೇ ಬೇಕು.

ದರದ ಮೊದಲ ಗುಟ್ಟು ಇಲ್ಲಿದೆ. ಊರಲ್ಲಿ ಹೆಚ್ಚು ಓಡಾಡುವ ಸಣ್ಣ ಕಾರಿನ ಗ್ಲಾಸು ಅಂಗಡಿಯಲ್ಲೇ ಸಿಗುತ್ತದೆ, ಅಗ್ಗವೂ ಇರುತ್ತದೆ. ಕಡಿಮೆ ಮಾರಾಟವಾದ ಅಥವಾ ತಯಾರಿಕೆ ನಿಂತ ಮಾಡೆಲ್ ಆದರೆ ಹುಬ್ಬಳ್ಳಿಯಿಂದಲೋ ಸೊಲ್ಲಾಪುರದಿಂದಲೋ ತರಿಸಬೇಕು. ವಿಜಯಪುರಕ್ಕೆ ಸೊಲ್ಲಾಪುರ ಸುಮಾರು 100 ಕಿ.ಮೀ., ಹುಬ್ಬಳ್ಳಿ ಅದರ ಎರಡು ಪಟ್ಟು. ಪಾರ್ಸಲ್ ಖರ್ಚಿಗಿಂತ ದೊಡ್ಡ ಪ್ರಶ್ನೆ, ದಾರಿಯಲ್ಲಿ ಒಡೆದರೆ ನಷ್ಟ ಯಾರದು ಎಂಬುದು. ಟಫನ್ಡ್ ಗ್ಲಾಸು ಮೈಮೇಲಿನ ಪೆಟ್ಟು ತಾಳುತ್ತದೆ, ಅಂಚಿಗೆ ಬಿದ್ದ ಪೆಟ್ಟು ತಾಳುವುದಿಲ್ಲ. ಪಾರ್ಸಲ್ ಬಂದರೆ ಅಲ್ಲೇ ಬಿಚ್ಚಿ ನಾಲ್ಕೂ ಅಂಚಿನ ಮೇಲೆ ಕಣ್ಣಾಡಿಸಿ, ಆಮೇಲೆ ಸಹಿ ಮಾಡಿ. ಅಂಚಿನಲ್ಲಿ ಅಕ್ಕಿಕಾಳಷ್ಟು ಚಿಪ್ಪು ಹಾರಿದ್ದರೂ ಬೇಡ. ಏಪ್ರಿಲ್, ಮೇ ಬಿಸಿಲಲ್ಲಿ ನಿಂತ ಗಾಡಿಯ ಗ್ಲಾಸು ತಾನೇ ಒಡೆಯಿತು ಎನ್ನುವ ಪ್ರಸಂಗಗಳಲ್ಲಿ ಬಹಳ ಸಲ ಕಾರಣ ಬರೀ ಬಿಸಿಲಲ್ಲ, ಅಂಚಿನ ಇಂಥ ಹಳೆಯ ಪೆಟ್ಟು ಅಥವಾ ಬಾಗಿಲೊಳಗೆ ಹೆಚ್ಚು ಬಿಗಿದ ಬೋಲ್ಟು.

ಅದೇ ಮಾಡೆಲ್ ಅಂದರೂ ಸಾಲದು. ಕಂಪನಿ ನಡುವೆ ಒಮ್ಮೆ ವಿನ್ಯಾಸ ಬದಲಿಸಿದ್ದರೆ ತೂತಿನ ಜಾಗ ಎರಡು ಮಿಲಿಮೀಟರ್ ಸರಿದಿರುತ್ತದೆ, ಗ್ಲಾಸು ಕೂರುವುದಿಲ್ಲ. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸುವುದೇ ಸರಿಯಾದ ದಾರಿ. ಜೊತೆಗೆ ಉಳಿದ ಮೂರು ಬಾಗಿಲ ಗ್ಲಾಸಿನ ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ಅಚ್ಚಾದ ಗುರುತು ಇರುತ್ತದಲ್ಲ, ಅದರ ಫೋಟೊ ಕಳಿಸಿ. ತಯಾರಕರ ಹೆಸರು, ಟಫನ್ಡೋ ಲ್ಯಾಮಿನೇಟೆಡ್ಡೋ ಎಂಬುದು, ಐಎಸ್‌ಐ ಮುದ್ರೆ, ಐಎಸ್ 2553 ಎಂಬ ಮಾನದಂಡದ ಸಂಖ್ಯೆ, ಇಂಥವೆಲ್ಲ ಅಲ್ಲೇ ಸಿಗುತ್ತವೆ. ಬಣ್ಣವೂ ನೋಡಬೇಕು. ಬಹಳಷ್ಟು ಕಾರುಗಳ ಗ್ಲಾಸು ತಿಳಿ ಹಸಿರು, ಅದು ಗಾಜಿನೊಳಗಿನ ಬಣ್ಣ, ಫಿಲ್ಮ್ ಅಲ್ಲ. ಮೂರು ಹಸಿರು, ಒಂದು ಬಿಳಿ ಆದರೆ ಹಗಲಲ್ಲಿ ಎದ್ದು ಕಾಣುತ್ತದೆ, ಗಾಡಿ ಮಾರುವಾಗ ಕೊಳ್ಳುವವರು ಮೊದಲು ಕೇಳುವುದೇ ಅದನ್ನು. ದೊಡ್ಡ ಕಾರುಗಳಲ್ಲಿ ಕೆಲವಕ್ಕೆ ಸದ್ದು ತಡೆಯುವ ಲ್ಯಾಮಿನೇಟೆಡ್ ಬಾಗಿಲ ಗ್ಲಾಸು ಇರುತ್ತದೆ, ಅದರ ದರ ಬೇರೆಯೇ ಮಟ್ಟದ್ದು.

ಕಾರು ಕಂಪನಿಯ ಡಬ್ಬಿಯಲ್ಲಿ ಬರುವ ಗ್ಲಾಸನ್ನು ಕಾರು ಕಂಪನಿ ತಾನೇ ಮಾಡುವುದಿಲ್ಲ. ಅಸಾಹಿ ಇಂಡಿಯಾ, ಸೇಂಟ್ ಗೋಬೇನ್ ಥರದ ಗಾಜಿನ ಕಂಪನಿಗಳು ಮಾಡಿಕೊಡುತ್ತವೆ, ಅವೇ ಕಂಪನಿಗಳ ಗ್ಲಾಸು ಹೊರಗಿನ ಅಂಗಡಿಯಲ್ಲೂ ಸಿಗುತ್ತದೆ. ಗುರುತು ಸರಿ ಇದ್ದು, ಬಣ್ಣ ಮತ್ತು ದಪ್ಪ ಹೊಂದಿದರೆ ಹೊರಗಿನದನ್ನು ಹಾಕಿಸಲು ಹಿಂಜರಿಯಬೇಕಿಲ್ಲ. ಗುಜರಿಯಲ್ಲಿ ಸಿಗುವ ಹಳೆಯ ಗ್ಲಾಸೂ ಸರಿಯೇ, ಗೀರು ಮತ್ತು ಅಂಚು ನೋಡಿ ತರಬೇಕು. ತಯಾರಿಕೆ ನಿಂತ ಮಾಡೆಲ್ಲಿಗೆ ಎಷ್ಟೋ ಸಲ ಅದೊಂದೇ ದಾರಿ. ದಪ್ಪದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 3ರಿಂದ 4 ಮಿ.ಮೀ. ಇರುತ್ತದೆ. ಅರ್ಧ ಮಿ.ಮೀ. ತೆಳುವಾದರೂ ಗ್ಲಾಸು ತಾನು ಏರಿಳಿಯುವ ರಬ್ಬರ್ ಚಾನಲ್ಲಿನಲ್ಲಿ ಅಲ್ಲಾಡಿ ತಗ್ಗು ದಿಣ್ಣೆಯಲ್ಲಿ ಗಡಗಡ ಅನ್ನುತ್ತದೆ, ದಪ್ಪವಾದರೆ ಏರುವಾಗ ಹಿಡಿಯುತ್ತದೆ.

ಇನ್ನೊಂದು ಮಾತು, ಇದು ನಿಮ್ಮ ಕಾರಿಗಿಂತ ಕ್ರೂಸರ್, ಶಾಲೆ ವ್ಯಾನ್, ಮಿನಿ ಬಸ್ಸಿನವರಿಗೆ. ಅವುಗಳ ಜರುಗಿಸುವ ಗ್ಲಾಸು ಚಪ್ಪಟೆ ಇರುವುದರಿಂದ ಮನೆ ಕಿಟಕಿಗೆ ಹಾಕುವ ಸಾದಾ ಗಾಜನ್ನೇ ಅಳತೆಗೆ ಕತ್ತರಿಸಿ ಕೂರಿಸುವುದುಂಟು. ದಯವಿಟ್ಟು ಆ ಕೆಲಸ ಮಾಡಬೇಡಿ. ಸಾದಾ ಗಾಜು ಒಡೆದರೆ ಕುಡಗೋಲಿನಂಥ ಉದ್ದ ಚೂರಾಗುತ್ತದೆ, ಅದರ ಪಕ್ಕ ಮಕ್ಕಳ ಕುತ್ತಿಗೆ ಇರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮ 100ರ ಪ್ರಕಾರ ವಾಹನಕ್ಕೆ ಟಫನ್ಡ್, ಲ್ಯಾಮಿನೇಟೆಡ್ ಥರದ ಸುರಕ್ಷಾ ಗಾಜೇ ಇರಬೇಕು. ಚಪ್ಪಟೆ ಗಾಜನ್ನು ಅಳತೆ ಕೊಟ್ಟು ಟಫನಿಂಗ್ ಮಾಡಿಸಿ ತರಿಸಬಹುದು, ಎರಡು ಮೂರು ದಿನ ತಡವಾದರೂ ಕಾಯಿರಿ. ಅನುಮಾನ ಬಂದರೆ ಪೋಲರೈಸ್ಡ್ ತಂಪು ಕನ್ನಡಕ ಹಾಕಿಕೊಂಡು ಹಗಲಲ್ಲಿ ಓರೆಯಾಗಿ ನೋಡಿ: ಟಫನ್ಡ್ ಗ್ಲಾಸಿನಲ್ಲಿ ಮಬ್ಬು ಚುಕ್ಕೆ, ಪಟ್ಟೆ ಕಾಣುತ್ತವೆ, ಸಾದಾ ಗಾಜಿನಲ್ಲಿ ಕಾಣುವುದಿಲ್ಲ.

ಒಡೆದದ್ದು ಯಾವ ಗ್ಲಾಸು ಎಂಬುದೂ ದರ ತಿರುಗಿಸುತ್ತದೆ. ಏರಿ ಇಳಿಯುವ ಬಾಗಿಲ ಗ್ಲಾಸಿಗಿಂತ ಹಿಂದಿನ ಮೂಲೆಯ ಅಂಗೈಯಷ್ಟು ಕ್ವಾರ್ಟರ್ ಗ್ಲಾಸಿಗೆ ಬಿಲ್ಲು ಹೆಚ್ಚಾಗುವುದುಂಟು. ಕೆಲವು ಮಾಡೆಲ್ಲಿನಲ್ಲಿ ಅದು ಸುತ್ತಲಿನ ರಬ್ಬರಿನ ಜೊತೆಗೇ ಅಚ್ಚಾಗಿ ಬರುತ್ತದೆ, ಗಾಡಿಯ ತಗಡಿಗೆ ಪಿಯು (ಪಾಲಿಯುರೆಥೇನ್) ಅಂಟಿನಿಂದ ಕೂರಿಸಬೇಕು. ಹಳೆಯ ಅಂಟು ಕೆತ್ತಿ, ಪ್ರೈಮರ್ ಹಚ್ಚಿ, ಹೊಸ ಅಂಟು ಹಾಕಿ, ಟೇಪಿನಿಂದ ಹಿಡಿಸಿ ಬಿಡಬೇಕು. ಒಂದು ದಿನ ಗಾಡಿ ತೊಳೆಯಬಾರದು, ಎಲ್ಲ ಗ್ಲಾಸು ಏರಿಸಿ ಬಾಗಿಲು ಜೋರಾಗಿ ಹಾಕಬಾರದು. ಒಳಗಿನ ಗಾಳಿಯ ಒತ್ತಡಕ್ಕೆ ಹಸಿ ಅಂಟು ಸರಿಯುತ್ತದೆ, ಒಂದು ಗ್ಲಾಸು ಎರಡು ಬೆರಳು ಇಳಿಸಿ ಇಡಿ. ಪಿಯು ಬದಲು ಹಾರ್ಡ್‌ವೇರ್ ಅಂಗಡಿಯ ಹುಳಿ ವಾಸನೆಯ ಸಿಲಿಕೋನ್ ಹಚ್ಚಿದರೆ ತಗಡು ತುಕ್ಕು ಹಿಡಿಯುತ್ತದೆ, ಮುಂದೆ ಒಳ್ಳೆಯ ಅಂಟು ಹಚ್ಚಿದರೂ ಅದರ ಮೇಲೆ ನಿಲ್ಲುವುದಿಲ್ಲ.

ಬಾಗಿಲೊಳಗಿನ ಕೆಲಸ

ನಿಮ್ಮ ಎರಡು ಎಸ್ಟಿಮೇಟಿನ ನಡುವಿನ ಹಣ ಹೆಚ್ಚಾಗಿ ಅಡಗಿರುವುದು ಇಲ್ಲಿ. ಗ್ಲಾಸು ಒಡೆದಾಗ ಅರ್ಧ ಚೂರು ಸೀಟಿನ ಮೇಲೆ ಬಿದ್ದರೆ ಇನ್ನರ್ಧ ಬಾಗಿಲಿನ ಹೊಟ್ಟೆಗೆ ಇಳಿದಿರುತ್ತದೆ. ಸರಿಯಾಗಿ ಮಾಡುವವರು ಹಿಡಿಕೆ ಹಿಂದಿನ ಸ್ಕ್ರೂ ಬಿಚ್ಚಿ, ಕ್ಲಿಪ್ಪು ಮುರಿಯದಂತೆ ಡೋರ್ ಪ್ಯಾಡ್ ಎಬ್ಬಿಸಿ, ಸ್ವಿಚ್ಚಿನ ಕನೆಕ್ಟರ್ ತೆಗೆದು, ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಕಪ್ಪು ಅಂಟಿನ ಸಮೇತ ನಿಧಾನ ಸುಲಿಯುತ್ತಾರೆ. ವ್ಯಾಕ್ಯೂಮಿನಿಂದ ಚೂರು ಎಳೆದು, ಬಾಗಿಲ ತಳದ ನೀರಿನ ತೂತುಗಳನ್ನು ತಂತಿಯಿಂದ ಬಿಡಿಸುತ್ತಾರೆ. ನಮ್ಮ ಕಡೆ ಎರೆಮಣ್ಣಿನ ಧೂಳು ಆ ತೂತುಗಳಲ್ಲಿ ಮೊದಲೇ ಗಟ್ಟಿಯಾಗಿ ಕೂತಿರುತ್ತದೆ, ಅದರ ಜೊತೆ ಗಾಜಿನ ಪುಡಿ ಸೇರಿದರೆ ಮಳೆನೀರು ಹೊರಗೆ ಹೋಗದೆ ತಗಡು ತಿನ್ನುತ್ತದೆ. ಕೆಲವು ಗಾಡಿಗಳಲ್ಲಿ ಬಾಗಿಲೊಳಗೆ ಏರ್‌ಬ್ಯಾಗಿನ ಸೆನ್ಸರ್ ಇರುತ್ತದೆ, ಅದರ ಕನೆಕ್ಟರ್ ತೆಗೆದಿಟ್ಟು ಕೀ ತಿರುಗಿಸಿದರೆ ಏರ್‌ಬ್ಯಾಗ್ ದೀಪ ಹತ್ತಿ ಕೂರುತ್ತದೆ.

ಆಮೇಲೆ ಮಷೀನು, ಅಂದರೆ ಗ್ಲಾಸು ಏರಿಸಿ ಇಳಿಸುವ ರೆಗ್ಯುಲೇಟರ್. ಗ್ಲಾಸು ಒಡೆದ ಮೇಲೆ ಸ್ವಿಚ್ ಒತ್ತಿದ್ದರೆ ಚೂರು ಅದರ ವೈರಿಗೆ ಸಿಕ್ಕಿ ಹಾಳಾಗಿರಬಹುದು. ಹೊಸ ಮಷೀನು ಎಸ್ಟಿಮೇಟಿನಲ್ಲಿ ಬಂದರೆ ದರ ಒಮ್ಮೆಲೇ ಏರುತ್ತದೆ, ಆದ್ದರಿಂದ ಹಳೆಯದನ್ನು ನಿಮ್ಮೆದುರಿಗೆ ಓಡಿಸಿ ತೋರಿಸಲು ಹೇಳಿ. ಗ್ಲಾಸನ್ನು ಮಷೀನಿಗೆ ಹಿಡಿಸುವ ಬೋಲ್ಟಿನ ಜಾಗದಲ್ಲಿ ನೈಲಾನ್ ಬುಷ್ ಇರುತ್ತದೆ, ಹುಣಸೆಬೀಜದಷ್ಟು ಸಣ್ಣದು. ಚೂರಿನ ಜೊತೆ ಅದನ್ನೂ ಗುಡಿಸಿ ಹಾಕಿದರೆ ಕಬ್ಬಿಣ ನೇರ ಗಾಜಿಗೆ ತಾಗುತ್ತದೆ, ಒಂದು ದಿನ ತಗ್ಗಿಗೆ ಇಳಿದಾಗ ಹೊಸ ಗ್ಲಾಸೂ ಪುಡಿಯಾಗುತ್ತದೆ. ಬೋಲ್ಟನ್ನು ಮೊದಲು ಸಡಿಲವಾಗಿ ಹಾಕಿ, ಗ್ಲಾಸು ಪೂರ್ತಿ ಏರಿಸಿ, ಚೌಕಟ್ಟಿಗೆ ಸರಿಯಾಗಿ ಕೂತ ಮೇಲೆ ಬಿಗಿಯಬೇಕು. ಓರೆ ಉಳಿದರೆ 80 ಕಿ.ಮೀ. ವೇಗದಲ್ಲಿ ಸಿಳ್ಳಿನಂಥ ಗಾಳಿ ಸದ್ದು ಬರುತ್ತದೆ.

ಚಾನಲ್ ರಬ್ಬರ್ ಮತ್ತು ಗ್ಲಾಸಿನ ಬುಡಕ್ಕೆ ಒತ್ತಿ ಕೂರುವ ಹೊರಗಿನ ಬೀಡಿಂಗ್ ಪಟ್ಟಿ ಗಟ್ಟಿಯಾಗಿ ಸೀಳಿದ್ದರೆ ಈಗಲೇ ಬದಲಿಸಿ. ಬಾಗಿಲು ಹೇಗೂ ಬಿಚ್ಚಿದೆ, ಮುಂದೆ ಬೇರೆ ಮಾಡಿಸಿದರೆ ಅದೇ ಮಜೂರಿ ಮತ್ತೊಮ್ಮೆ. ಧೂಳು ತುಂಬಿದ ಹಳೆ ರಬ್ಬರಿನಲ್ಲಿ ಹೊಸ ಗ್ಲಾಸು ಉಪ್ಪುಕಾಗದಕ್ಕೆ ಉಜ್ಜಿದಂತೆ ಗೀರು ಬೀಳುತ್ತದೆ. ರಬ್ಬರಿಗೆ ಗ್ರೀಸ್, ಆಯಿಲ್ ಹಚ್ಚಿಸಬೇಡಿ, ಉಬ್ಬಿ ಗ್ಲಾಸು ಹಿಡಿಯುತ್ತದೆ. ಸಿಲಿಕೋನ್ ಸ್ಪ್ರೇ ಸಾಕು. ಇನ್ನು ಪ್ಲಾಸ್ಟಿಕ್ ಹಾಳೆ ಹರಿದರೆ ಹೊಸದು ಅಂಟಿಸಲೇಬೇಕು. ಅದಿಲ್ಲದಿದ್ದರೆ ಬಾಗಿಲೊಳಗೆ ಇಳಿದ ಮಳೆನೀರು ಕಾರಿನ ನೆಲಕ್ಕೆ ಬರುತ್ತದೆ. ಬೆಳಗಾವಿಯ ಜುಲೈ ಮಳೆಯಲ್ಲಿ ಕಾರ್ಪೆಟ್ ಕೊಳೆತು ವಾಸನೆ ಹಿಡಿದ ಮೇಲೆ ಯಾರೂ ಗ್ಲಾಸಿನ ಕೆಲಸವನ್ನು ನೆನೆಸುವುದಿಲ್ಲ.

ಇನ್ಶೂರೆನ್ಸೋ, ಕೈಯಿಂದಲೋ?

ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಪ್ರಶ್ನೆಯೇ ಇಲ್ಲ, ಸ್ವಂತ ಗ್ಲಾಸಿಗೆ ಅದು ಕೊಡುವುದಿಲ್ಲ. ಪೂರ್ತಿ ಪಾಲಿಸಿ ಇದ್ದರೆ ಗ್ಲಾಸಿಗೆ ಸವಕಳಿ ಕಡಿತ ಇಲ್ಲ, ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಶೇ 50 ಕಡಿತ. ಅದರ ಮೇಲೆ 1500 ಸಿಸಿ ತನಕದ ಕಾರಿಗೆ 1,000 ರೂಪಾಯಿ, ಮೇಲಿನದಕ್ಕೆ 2,000 ರೂಪಾಯಿ ಕಡ್ಡಾಯವಾಗಿ ನೀವೇ ಭರಿಸಬೇಕು. ನಿಜವಾದ ಖರ್ಚು ಇರುವುದು ನೋ ಕ್ಲೇಮ್ ಬೋನಸ್ಸಿನಲ್ಲಿ, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿಯಲ್ಲಿ. ಅದು ವರ್ಷ ವರ್ಷ ಶೇ 20, 25, 35, 45, 50 ಎಂದು ಏರುತ್ತದೆ, ಒಂದು ಕ್ಲೇಮಿಗೆ ಸೊನ್ನೆಗೆ ಇಳಿಯುತ್ತದೆ.

ಲೆಕ್ಕ ಹಾಕಿ ನೋಡಿ. ನಿಮ್ಮ ಸ್ವಂತ ಹಾನಿಯ ಪ್ರೀಮಿಯಂ ಬೋನಸ್ ಕಳೆಯುವ ಮೊದಲು 6,000, ಈಗಿನ ಬೋನಸ್ ಶೇ 25 ಎಂದುಕೊಳ್ಳೋಣ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ ಶೇ 35, ಅಂದರೆ 2,100 ಉಳಿತಾಯ. ಅದರ ಮುಂದಿನ ವರ್ಷ ಶೇ 45, 2,700 ಉಳಿತಾಯ. ಕ್ಲೇಮ್ ಮಾಡಿದರೆ ಮೊದಲ ವರ್ಷ ಏನೂ ಇಲ್ಲ, ಎರಡನೆಯ ವರ್ಷ ಶೇ 20ರಂತೆ 1,200. ಎರಡೇ ವರ್ಷದಲ್ಲಿ 3,600 ಹೋಯಿತು. 5,200ರ ಬಿಲ್ಲಿಗೆ ಕಂಪನಿಯಿಂದ ಹೆಚ್ಚೆಂದರೆ 4,200 ಬರುತ್ತದೆ, ರಬ್ಬರಿನ ಕಡಿತ ಬೇರೆ. ಮೂರನೆಯ ವರ್ಷದ ವ್ಯತ್ಯಾಸ ಸೇರಿಸಿದರೆ ಕ್ಲೇಮ್ ಮಾಡಿದ್ದೇ ನಷ್ಟ. ಪಾಲಿಸಿಯಲ್ಲಿ ಬೋನಸ್ ರಕ್ಷಣೆಯ ಹೆಚ್ಚುವರಿ ಕವರ್ ಇದ್ದರೆ, ಅಥವಾ ಬಾಗಿಲ ತಗಡೂ ಬಗ್ಗಿ ಬಣ್ಣದ ಕೆಲಸ ಬಂದಿದ್ದರೆ ಮಾತ್ರ ಕ್ಲೇಮ್ ಛಲೋ. ಕ್ಲೇಮ್ ಮಾಡುವುದಾದರೆ ಇನ್ಶೂರೆನ್ಸ್ ಕಡೆಯ ಸರ್ವೇಯರ್ ನೋಡುವ ತನಕ ಬಾಗಿಲು ಬಿಚ್ಚಿಸಬೇಡಿ.

ನಿಮ್ಮ ಗಾಡಿಯಲ್ಲಿ ಬೇರೆ ಹಾನಿ ಇಲ್ಲ. ಗುರುತಿರುವ ಒಳ್ಳೆಯ ಹೊರಗಿನ ಗ್ಲಾಸನ್ನು, ಒಳಗೆ ಸ್ವಚ್ಛ ಮಾಡಿಕೊಡುವ ಮಾತು ಬರೆಸಿಕೊಂಡು, ಕೈಯಿಂದ ಕೊಟ್ಟು ಹಾಕಿಸುವುದೇ ನಮ್ಮ ಸಲಹೆ. 1,900 ಅಂದವರ ಹತ್ತಿರ ಹೋಗಿ ಬೀಡಿಂಗ್, ಮುರಿದ ಕ್ಲಿಪ್ಪು, ಹಾಳೆ, ಚೂರು ತೆಗೆಯುವುದು ಇದರಲ್ಲೇ ಬಂತೇ ಎಂದು ಒಂದೊಂದಾಗಿ ಕೇಳಿ. ಸೇರಿಸಿ 2,500 ಆದರೂ ಅದು ನ್ಯಾಯದ ದರ. ಹಳೆಯ ಗ್ಲಾಸಿಗೆ ಕಪ್ಪು ಫಿಲ್ಮ್ ಇತ್ತೆಂದು ಹೊಸದಕ್ಕೆ ಹಾಕಿಸಬೇಡಿ: ಬದಿಯ ಗ್ಲಾಸಿನಲ್ಲಿ ಕನಿಷ್ಠ ಶೇ 50 ಬೆಳಕು ಹಾಯಬೇಕು, ದಂಡ ಬಿದ್ದರೆ ಉಳಿಸಿದ ಹಣ ಅಲ್ಲಿಗೆ ಹೋಗುತ್ತದೆ.

ಗ್ಲಾಸು ಬರುವ ತನಕ ದಪ್ಪ ಪಾಲಿಥೀನ್ ಹಾಳೆಯನ್ನು ಬಾಗಿಲ ಚೌಕಟ್ಟಿನ ಒಳಸುತ್ತಿಗೆ ಮಾಸ್ಕಿಂಗ್ ಟೇಪಿನಿಂದ ಅಂಟಿಸಿ. ಕಂದು ಪ್ಯಾಕಿಂಗ್ ಟೇಪನ್ನು ಬಣ್ಣದ ಮೇಲೆ ಹಚ್ಚಿದರೆ ಬಿಸಿಲಿಗೆ ಅಂಟು ಕರಗಿ ಕಲೆ ಉಳಿಯುತ್ತದೆ. ಸೀಟನ್ನು ಬರಿಗೈಯಲ್ಲಿ ಒರೆಸಬೇಡಿ, ಹೊಲಿಗೆಯ ಸಂದಿಯಲ್ಲಿ ಚೂರು ಕೂತಿರುತ್ತದೆ. ಮಕ್ಕಳನ್ನು ಆ ಕಡೆ ಕೂರಿಸಬೇಡಿ.

ಕೆಲಸ ಮುಗಿದ ಮೇಲೆ ಹಣ ಕೊಡುವ ಮೊದಲು ಗ್ಲಾಸನ್ನು ಐದಾರು ಸಲ ಏರಿಸಿ ಇಳಿಸಿ. ಒಂದೇ ಒತ್ತಿಗೆ ಏರುವ ಮಾದರಿಯಾದರೆ ಮತ್ತೆ ಹೊಂದಿಸಬೇಕಾಗುತ್ತದೆ, ವಿಧಾನ ಗಾಡಿಯ ಕೈಪಿಡಿಯಲ್ಲಿದೆ. ಬಾಗಿಲನ್ನು ಹಾಕಿ ತೆಗೆದು ಕಿವಿಗೊಡಿ. ಒಳಗೆ ಗಿಲಗಿಲ ಸದ್ದು ಬಂದರೆ ಚೂರು ಉಳಿದಿದೆ, ಅಲ್ಲೇ ಬಿಚ್ಚಿಸಿ. ಕೊನೆಗೆ ಒಂದು ಕೊಡ ನೀರನ್ನು ಗ್ಲಾಸಿನ ಮೇಲೆ ನಿಧಾನ ಸುರಿಯಿರಿ: ನೀರು ಬಾಗಿಲ ತಳದ ತೂತಿನಿಂದ ಹೊರಗೆ ಬೀಳಬೇಕು, ಒಳಗಿನ ಮ್ಯಾಟ್ ಒಣಗಿಯೇ ಇರಬೇಕು.