ಸಾರ್ವಭೌಮತ್ವ ಮತ್ತು ಜಾಗತೀಕರಣ: ಶೇಂಗಾ ಎಣ್ಣೆ ಹಿಡಿದು ಓದೋಣ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಕೂತವರಿಗೆ ಈ ಪ್ರಶ್ನೆ ಗೊತ್ತೇ ಇರುತ್ತದೆ: ಜಾಗತೀಕರಣದಿಂದ ರಾಷ್ಟ್ರದ ಸಾರ್ವಭೌಮತ್ವ ಕುಗ್ಗಿದೆಯೇ? ನಾನು ಮೊದಲೆಲ್ಲ 'ಹೌದು' ಅಂತ ಬರೆದು ಮುಗಿಸುತ್ತಿದ್ದೆ. ಅಷ್ಟು ಸಾಲದು.

ಸಾರ್ವಭೌಮತ್ವ ಅಂದರೆ ನಮ್ಮ ನೆಲದಲ್ಲಿ ನಮ್ಮ ಕಾನೂನಿನದೇ ಕೊನೆ ಮಾತು. ಇದರ ಬೇರನ್ನು ಯುರೋಪಿನ ಮೂವತ್ತು ವರ್ಷಗಳ ಯುದ್ಧ ಮುಗಿಸಿದ 1648ರ ವೆಸ್ಟ್‌ಫೇಲಿಯಾ ಒಪ್ಪಂದದಲ್ಲಿ ಹುಡುಕುವುದು ರೂಢಿ. ಅದಕ್ಕೆ ಒಂದು ಸಾಲು ಸಾಕು.

ಹಕ್ಕು ಇರುವುದು ಬೇರೆ, ಅದನ್ನು ಬಳಸಲು ಜಾಗ ಇರುವುದು ಬೇರೆ. ಉತ್ತರದ ತಿರುಳು ಇದೇ. ನನಗಿದು ತಿಳಿದದ್ದು ಎಣ್ಣೆಯಿಂದ. ಗದಗ ಕಡೆ ನಮ್ಮ ಮನೆಯಲ್ಲಿ ಶೇಂಗಾ ಬೆಳೆಯುತ್ತೇವೆ. ಕಿರಾಣಿ ಅಂಗಡಿಯಲ್ಲಿ ಪಾಮ್ ಎಣ್ಣೆಯ ಪಾಕೀಟು ಅಗ್ಗವಾದರೆ ಶೇಂಗಾ ಎಣ್ಣೆ ಕೇಳುವವರು ಕಡಿಮೆ. ಆ ಪಾಮ್ ಎಣ್ಣೆ ಬಹುಪಾಲು ಇಂಡೋನೇಷ್ಯಾ, ಮಲೇಷ್ಯಾದ್ದು. ಹಾಗಾದರೆ ಸರ್ಕಾರ ಆಮದು ಸುಂಕ ಏರಿಸಬಹುದಲ್ವಾ?

ಏರಿಸಬಹುದು, ಆದರೆ ಮಿತಿಯಿದೆ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತ ಒಪ್ಪಿಕೊಂಡ ಗರಿಷ್ಠ ಸುಂಕ ಪಾಮ್ ಎಣ್ಣೆಗೆ ಶೇ. 300, ಸೋಯಾ ಎಣ್ಣೆಗೆ ಬರೀ ಶೇ. 45. ಪಾಮ್ ಸುಂಕ ತೀರಾ ಏರಿಸಿದರೆ ವ್ಯಾಪಾರ ಸೋಯಾ ಕಡೆ ವಾಲುತ್ತದೆ. ಇಲ್ಲಿ ಕೈ ಕಟ್ಟಿದೆ, ನಿಜ. ಆದರೆ ಪಾಮ್ ಸುಂಕ ಇದುವರೆಗೆ 300ರ ಹತ್ತಿರವೂ ಹೋಗಿಲ್ಲ. ಕೊಳ್ಳುವವರಿಗೆ ಎಣ್ಣೆ ತುಟ್ಟಿಯಾಗಬಾರದು ಅಂತ ನಮ್ಮ ಸರ್ಕಾರಗಳೇ ಮಾಡಿದ ಆಯ್ಕೆ ಅದು. ಎಲ್ಲವನ್ನೂ ಜಾಗತೀಕರಣದ ತಲೆಗೆ ಕಟ್ಟಿದರೆ ಬೆಳೆಗಾರ ಯಾರನ್ನು ಪ್ರಶ್ನಿಸಬೇಕು ಅನ್ನುವುದೇ ಮರೆಯಾಗುತ್ತದೆ. ನನಗೆ ಸಂಕಟವಾಗುವುದು ಇಲ್ಲಿಯೇ.

ಇನ್ನು ಹಕ್ಕಿನ ಮಾತು. ಆರು ತಿಂಗಳ ನೋಟಿಸ್ ಕೊಟ್ಟು ಯಾವ ದೇಶವಾದರೂ ಆ ಸಂಸ್ಥೆಯಿಂದ ಹೊರಬರಬಹುದು. ಕಾಗದದ ಮೇಲೆ ಸಾರ್ವಭೌಮತ್ವ ಹಾಗೇ ಇದೆ. ಆದರೆ ಹೊರಬಂದರೆ ನಮ್ಮ ಹತ್ತಿ, ಮೆಣಸಿನಕಾಯಿಗೆ ಬೇರೆ ದೇಶಗಳು ಎಷ್ಟು ಸುಂಕ ಹಾಕುತ್ತವೋ! 1991ರಲ್ಲಿ ವಿದೇಶಿ ವಿನಿಮಯ ಬರಿದಾದಾಗ ಸುಮಾರು 47 ಟನ್ ಚಿನ್ನ ಅಡವಿಟ್ಟೆವು. ಆಗಲೂ ಕಾನೂನಿನ ಪ್ರಕಾರ ನಾವು ಪೂರ್ಣ ಸಾರ್ವಭೌಮರೇ.

ಇನ್ನೊಂದು ಮಗ್ಗುಲನ್ನೂ ಬರೆಯಿರಿ, ಸುಮ್ನೆ ಬಿಡಬೇಡಿ. ಅದೇ ಸಂಸ್ಥೆಯ ಬೌದ್ಧಿಕ ಆಸ್ತಿ ಒಪ್ಪಂದ ಪಾಲಿಸಲು ಭಾರತ 1999ರಲ್ಲಿ, ಊರಿನ ಹೆಸರಲ್ಲಿ ಪ್ರಸಿದ್ಧವಾದ ಸರಕಿನ ಹೆಸರನ್ನು ಕಾಯುವ ಭೌಗೋಳಿಕ ಸೂಚಕಗಳ ಕಾಯ್ದೆ ತಂದಿತು. ಅದರಡಿ 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿ ನೋಂದಣಿಯಾಯಿತು. ಬಣ್ಣ ಗಾಢ, ಖಾರ ಕಡಿಮೆ, ಮೈತುಂಬ ಸುಕ್ಕು. ಎಲ್ಲೋ ಬೆಳೆದ ಕಾಯಿಗೆ ಬ್ಯಾಡಗಿ ಅಂತ ಹೆಸರಿಟ್ಟು ಮಾರಿದರೆ, ಹಾವೇರಿಯ ರೈತ ಈಗ ಕಾನೂನು ಹಿಡಿದು ಕೇಳಬಹುದು.