ಮೊದಲ ಅಕ್ಷರ 'ರ': ನಲಿ-ಕಲಿ ನಡೆದು ಬಂದ ದಾರಿ

ಸರ್ಕಾರಿ ಶಾಲೆಗೆ ಹೊಸದಾಗಿ ಸೇರಿದ ಮಗುವನ್ನು "ಏನು ಕಲಿತೆ ಪುಟ್ಟಾ?" ಎಂದು ಕೇಳಿ. ಅ ಆ ಇ ಈ ಹೇಳುವುದಿಲ್ಲ. "ರ ಗ ಸ ದ ಅ" ಎನ್ನುತ್ತದೆ. ಮನೆಯ ಹಿರಿಯರಿಗೆ ಗಾಬರಿ, ವರ್ಣಮಾಲೆಯನ್ನೇ ಕಲಸಿಬಿಟ್ಟರಾ ಅಂತ. ಆದರೆ ಈ ಐದು ಅಕ್ಷರ ಜೋಡಿಸಿ ನೋಡಿ: ಸರ, ದರ, ಅರಸ, ಅಗಸ, ಗರಗಸ. ಕಾಗುಣಿತ ಬೇಡ, ಒತ್ತಕ್ಷರ ಬೇಡ. ಮಗು ಐದೇ ಅಕ್ಷರ ಕಲಿತು ಒಂದು ಇಡೀ ಪದವನ್ನು ತಾನೇ ಓದಿಬಿಡುತ್ತದೆ. ಅ ಆ ಇ ಈ ಕ್ರಮದಲ್ಲೇ ಹೋಗಿದ್ದರೆ ಆ ಖುಷಿಗೆ ಎಷ್ಟು ದಿನ ಕಾಯಬೇಕಿತ್ತು, ಅಲ್ವಾ?

ಇದು ನಲಿ-ಕಲಿಯ, ಅಂದರೆ ಕಾರ್ಡುಗಳನ್ನು ಹಿಡಿದು ನಲಿಯುತ್ತಾ ಕಲಿಯುವ ಪದ್ಧತಿಯ, ಕ್ರಮ. ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಕಬಿನಿ ಹಿನ್ನೀರು, ಕಾಡಂಚಿನ ಊರುಗಳು, ಜೇನು ಕುರುಬರ ಹಾಡಿಗಳು. ಒಬ್ಬರೇ ಮೇಷ್ಟ್ರು, ಮುಂದೆ ಮೂರು ನಾಲ್ಕು ತರಗತಿಯ ಮಕ್ಕಳು. ಅಪ್ಪ ಅಮ್ಮ ಕೂಲಿಗೆ ಹೊರಟರೆ ಮಗುವೂ ಜೊತೆಗೆ ಹೊರಟಿತು. ತಿಂಗಳು ಬಿಟ್ಟು ವಾಪಸ್ ಬರುವಷ್ಟರಲ್ಲಿ ಪಾಠ ಎಲ್ಲೋ ಮುಂದೆ ಹೋಗಿರುತ್ತಿತ್ತು. ಆಮೇಲೆ ಮಗು ಶಾಲೆಯನ್ನೇ ಬಿಡುತ್ತಿತ್ತು.

ಯುನಿಸೆಫ್ ನೆರವಿನಿಂದ ಈ ತಾಲ್ಲೂಕಿನ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಅಲ್ಲಿ ಕಂಡದ್ದನ್ನು ಸುಮ್ನೆ ನಕಲು ಮಾಡಲಿಲ್ಲ. ಕೂತು ತಾವೇ ಕಾರ್ಡುಗಳನ್ನು ಮಾಡಿದರು. ನನಗೆ ಈ ಕಥೆಯಲ್ಲಿ ತುಂಬಾ ದೊಡ್ಡದಾಗಿ ಕಾಣುವುದು ಇದೇ. ಕ್ಲಾಸಿನ ತೊಡಕು ಯಾರಿಗೆ ದಿನಾ ಎದುರಾಗುತ್ತಿತ್ತೋ ಅವರೇ ಅದಕ್ಕೆ ದಾರಿ ಹುಡುಕಿದ್ದರು.

ನಲಿ-ಕಲಿ ಕೋಣೆಯಲ್ಲಿ ಬೆಂಚಿನ ಸಾಲು ಇರುವುದಿಲ್ಲ. ಮಕ್ಕಳು ಗುಂಪುಗುಂಪಾಗಿ ಸುತ್ತ ಕೂರುತ್ತಾರೆ. ಈ ಗುಂಪಿಗೆ 'ತಟ್ಟೆ' ಅಂತ ಹೆಸರು. ಒಂದು ತಟ್ಟೆಗೆ ಟೀಚರ್ ಪೂರ್ತಿ ಜೊತೆಗಿರಬೇಕು. ಇನ್ನೊಂದರಲ್ಲಿ ಗೆಳೆಯರೇ ಹೇಳಿಕೊಡುತ್ತಾರೆ. ಮತ್ತೊಂದರಲ್ಲಿ ಮಗು ಒಂದೇ ಕೂತು ಕಲಿಯುತ್ತದೆ. ತಲೆಯ ಮೇಲೆ ದಾರ ಕಟ್ಟಿದ 'ಚಪ್ಪರ', ಅದಕ್ಕೆ ಮಕ್ಕಳು ಬರೆದ ಚಿತ್ರಗಳು. ಮಗುವಿನ ಕೈಗೆಟಕುವ ಎತ್ತರದಲ್ಲಿ ಕಪ್ಪು ಹಲಗೆ. ಗೋಡೆಯ ಮೇಲೆ ಕಲಿಕಾ ಏಣಿ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ನೋಡಿಕೊಂಡು, ಅಲ್ಲಿರುವ ಗುರುತೇ ಇರುವ ಕಾರ್ಡನ್ನು ಟ್ರೇಯಿಂದ ತೆಗೆದುಕೊಳ್ಳುತ್ತದೆ. ತಿಂಗಳು ಬಿಟ್ಟು ಬಂದರೂ ಬಿಟ್ಟ ಮೆಟ್ಟಿಲಿಂದಲೇ ಶುರು. ನಪಾಸು ಎಂಬ ಮಾತೇ ಇಲ್ಲ.

2009-10ರಲ್ಲಿ ಇದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಮೊದಲು ಒಂದು, ಎರಡನೇ ತರಗತಿ, ಆಮೇಲೆ ಮೂರನೆಯದೂ ಸೇರಿತು. ಕಾರ್ಡುಗಳು ಎಲ್ಲ ಕಡೆ ತಲುಪಿದವು. ಆದರೆ ಎಚ್.ಡಿ. ಕೋಟೆಯ ಶಿಕ್ಷಕರಿಗೆ ಅದು ಸ್ವಂತ ಕೆಲಸವಾಗಿತ್ತು, ಉಳಿದವರಿಗೆ ಮೇಲಿನಿಂದ ಬಂದ ಆದೇಶ. ಎಲ್ಲ ತಟ್ಟೆಗಳನ್ನೂ ಒಬ್ಬರೇ ನೋಡಿಕೊಳ್ಳಬೇಕು, ನಡುವೆ ಬಿಸಿಯೂಟದ ಲೆಕ್ಕ, ಮೀಟಿಂಗು, ಚುನಾವಣೆ ಡ್ಯೂಟಿ. ಟೀಚರ್ ಎದ್ದು ಹೋದರೆ ಮೊದಲು ಸೊರಗುವುದು ಅವರು ಜೊತೆಗಿರಲೇಬೇಕಾದ ಆ ತಟ್ಟೆ. ಅಲ್ಲಿ ಕೂತಿರುವವರು ಹಿಂದೆ ಬಿದ್ದ ಮಕ್ಕಳು.

ಅದೇ ಹೊತ್ತಿಗೆ, 2010ರ ಏಪ್ರಿಲ್ 1ರಿಂದ, ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಎಂಟನೇ ತರಗತಿವರೆಗೆ ಯಾರನ್ನೂ ಅದೇ ತರಗತಿಯಲ್ಲಿ ಉಳಿಸುವಂತಿಲ್ಲ ಎಂದು ಅದು ಆಗ ಹೇಳಿತು. ನಪಾಸಾಗಿ ಶಾಲೆ ಬಿಡುತ್ತಿದ್ದ ಮಕ್ಕಳಿಗೆ ಇದು ದೊಡ್ಡ ಆಸರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಏಣಿ ಹೇಳುವುದು "ಕಲಿತ ಮೇಲೆ ಹತ್ತು" ಅಂತ, ಕ್ಯಾಲೆಂಡರ್ ಹೇಳುವುದು "ಜೂನ್ ಬಂತು, ಹತ್ತು" ಅಂತ. ಮೂರನೇ ತರಗತಿ ಮುಗಿಯಿತು, ಮಗು ಇನ್ನೂ ಎರಡನೆಯದರ ಮೆಟ್ಟಿಲಲ್ಲಿದೆ. ನಾಲ್ಕರಲ್ಲಿ ಏಣಿಯೇ ಇಲ್ಲ. ಪಠ್ಯಪುಸ್ತಕ, ಒಂದೇ ಪಾಠ, ಎಲ್ಲರಿಗೂ ಒಂದೇ ವೇಗ. ಒತ್ತಕ್ಷರ ಓದಲು ತಡವರಿಸುವ ಮಗುವಿನ ಮುಂದೆ ಪರಿಸರ ಅಧ್ಯಯನದ ಪಾಠಗಳು.

ಆಮೇಲೆ ಕೊರೊನಾ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ತಟ್ಟೆಯಲ್ಲಿ ಒಟ್ಟಿಗೆ ಕೂತೇ ಕಲಿಯಬೇಕಾದ ವಯಸ್ಸಿನ ಮಕ್ಕಳು ಅಷ್ಟು ಕಾಲ ಕೋಣೆಯನ್ನೇ ನೋಡಲಿಲ್ಲ. ಹೀಗೆ ತಪ್ಪಿಹೋದ ಕಲಿಕೆಯನ್ನು ತುಂಬಲು 2022-23ರಲ್ಲಿ ಸರ್ಕಾರ 'ಕಲಿಕಾ ಚೇತರಿಕೆ' ತಂದಿತು.

ಇದೇ ವೇಳೆಗೆ ಪರೀಕ್ಷೆಯ ಮಾತು ಮತ್ತೆ ಎದ್ದಿತು. 2019ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಐದು ಮತ್ತು ಎಂಟನೇ ತರಗತಿಗೆ ಪರೀಕ್ಷೆ ಮಾಡಬೇಕು, ರಾಜ್ಯ ಬಯಸಿದರೆ ನಪಾಸಾದವರನ್ನು ಅದೇ ತರಗತಿಯಲ್ಲಿ ಉಳಿಸಬಹುದು ಎಂದಾಯಿತು. 2023ರಲ್ಲಿ ಕರ್ನಾಟಕ ಬೋರ್ಡ್ ಮಟ್ಟದ ಪರೀಕ್ಷೆ ನಡೆಸಿತು. ಮರುವರ್ಷ ಅದು ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಅಲೆದು, ಪರೀಕ್ಷೆ ಬರೆದ ಮಕ್ಕಳ ಫಲಿತಾಂಶಕ್ಕೇ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ತಡೆ ಬಿತ್ತು.

ಐದರಲ್ಲಿ ಪರೀಕ್ಷೆ ಮಾಡಿದರೆ ಮಗುವಿಗೆ ಓದಲು ಬರುವುದಿಲ್ಲ ಎಂದು ಗೊತ್ತಾಗಬಹುದು. ಎಲ್ಲಿ ನಿಂತಿತು ಎಂಬುದನ್ನು ಎರಡು ವರ್ಷ ಮೊದಲೇ ನಲಿ-ಕಲಿಯ 'ಪ್ರಗತಿ ನೋಟ' ಎಂಬ ಹಾಳೆ ಬರೆದಿಟ್ಟಿರುತ್ತದೆ, ಯಾವ ಮೆಟ್ಟಿಲು ಎನ್ನುವುದರ ಸಮೇತ. ಆ ಹಾಳೆ ಮೂರನೇ ತರಗತಿಯ ಬೀರುವಿನಲ್ಲೇ ಉಳಿಯಬಾರದು. ಜೂನ್ ಮೊದಲ ವಾರವೇ ನಾಲ್ಕನೇ ತರಗತಿಯ ಟೀಚರ್ ಕೈ ಸೇರಬೇಕು. ಹಾಳೆಯ ಜೊತೆಗೆ ಆ ಕಾರ್ಡುಗಳ ಟ್ರೇಯೂ ಹೋಗಬೇಕು.